ಮದರ್ ಟಾರ್ಪ್ಲೆಯ ಸಾಕ್ಷಿ

ಮೌಂಟ್ ನೀಬೋ ಚರ್ಚಿನಲ್ಲಿ ಸಾಕ್ಷಿ ಹೇಳುವುದಕ್ಕೆ ಒಂದು ಕ್ರಮವಿದೆ. ಎದ್ದು ನಿಂತವರು ಮೊದಲು ಆ ಬೆಳಿಗ್ಗೆ ತಮ್ಮನ್ನು ಎಬ್ಬಿಸಿದ ದೇವರನ್ನು ನೆನೆಯಬೇಕು. ಕಾಲಲ್ಲಿ ಕಸುವು ಉಳಿಸಿದ್ದಕ್ಕೆ, ಬುದ್ಧಿಯನ್ನು ನೆಟ್ಟಗಿಟ್ಟದ್ದಕ್ಕೆ ಅವನಿಗೆ ವಂದಿಸಬೇಕು. ಆಮೇಲೆ ನಡೆದದ್ದನ್ನು ನಡೆದ ಹಾಗೆ, ಮೊದಲಿನಿಂದ, ಏನನ್ನೂ ನುಂಗದೆ ಹೇಳಬೇಕು. ಕುಡಿದಿದ್ದರೆ ಕುಡಿದೆ ಎನ್ನಬೇಕು. ಅಣ್ಣನ ಮೇಲೆ ಕೈಮಾಡಿದ್ದರೆ ಕೈಮಾಡಿದೆ ಎನ್ನಬೇಕು. ನಡುವೆ ಯಾರೂ ತಡೆಯುವಂತಿಲ್ಲ. ಕೂತವರಿಗೆ ಇರುವ ಕೆಲಸ ಒಂದೇ. ಹೇಳುವವರ ದನಿ ಕುಸಿದಾಗ "ಹೇಳಮ್ಮ", "ಹೇಳಪ್ಪ" ಎಂದು ಆಸರೆಯಾಗುವುದು.

ಓಜೆಲ್ಲಾ ಟಾರ್ಪ್ಲೆ ಕರಿಯರ ಆ ಚರ್ಚಿನ ಹಿರಿಯಳು. ತಿಂಗಳ ಮೊದಲ ಭಾನುವಾರ ತಲೆಯಿಂದ ಕಾಲವರೆಗೆ ಬಿಳಿಯುಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಅವಳನ್ನು ಮದರ್ ಟಾರ್ಪ್ಲೆ ಎಂದೇ ಕರೆಯುತ್ತಿದ್ದರು. ಶವಸಂಸ್ಕಾರದ ಅಂಗಡಿಯವರು ಪುಕ್ಕಟೆ ಹಂಚಿದ ರಟ್ಟಿನ ಬೀಸಣಿಗೆಯನ್ನು ಆಡಿಸುತ್ತ, ಯಾರು ಎದ್ದರು ಯಾರು ಏಳಲಿಲ್ಲ ಎಂದು ನೋಡುವುದು ಅವಳ ಪಾಲಿಗೆ ಬಂದಿದ್ದ ಕೆಲಸ. ಏಳದವರ ಕಡೆ ಅವಳು ತಿರುಗಿ ನೋಡುತ್ತಿದ್ದಳು. ಬೈಗುಳವಿಲ್ಲ, ಸನ್ನೆಯಿಲ್ಲ, ಬರೀ ನೋಟ. ಆ ನೋಟಕ್ಕೆ ಸಿಕ್ಕಿಯೂ ಕೂತೇ ಇದ್ದವರು ಯಾರೂ ಇರಲಿಲ್ಲ. ಸುಮ್ಮನಿರುವುದೆಂದರೆ ಏನನ್ನೋ ಬಚ್ಚಿಟ್ಟಿರುವುದು ಎಂದು ಅವಳ ತಾಯಿ ಅವಳಿಗೆ ಕಲಿಸಿದ್ದಳು. ಅವಳೂ ತನ್ನ ಮಗ ಥರ್ಮನ್‌ಗೆ ಅದನ್ನೇ ಕಲಿಸಿದ್ದಳು.

ಆ ವರ್ಷ ಕಡಲೆಕಾಯಿ ಕಿತ್ತು ಮುಗಿಯುವ ಹೊತ್ತಿಗೆ ಊರಾಚೆಯ ಗೋದಾಮಿಗೆ ಬೆಂಕಿ ಬಿತ್ತು. ಜಾರ್ಜಿಯಾದ ಆ ಕೆಂಪು ನೆಲದ ಸೀಮೆಯಲ್ಲಿ ಒಣಗಿದ ಕಡಲೆಕಾಯಿ ಮೂಟೆಗಳು ಹತ್ತಿಕೊಂಡರೆ ಆರಿಸುವುದುಂಟೆ? ಬೆಳಗಾಗುವ ಹೊತ್ತಿಗೆ ತಗಡು ಮಾತ್ರ ಉಳಿದಿತ್ತು. ಕಾವಲುಗಾರ ಹೋಸಿಯಾ ಕ್ರಂಪ್ಲರ್ ಒಳಗೆ ಹೊಗೆ ಕುಡಿದು ಸತ್ತಿದ್ದ. ಮೌಂಟ್ ನೀಬೋದವನೇ. ಅವನ ಹೆಂಡತಿ ಲ್ಯೂಟಿ, ಓಜೆಲ್ಲಾಳ ಹಿಂದಿನ ಬೆಂಚಿನಲ್ಲಿ ಕೂರುವವಳು.

ಥರ್ಮನ್ ಅದೇ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಬೆಂಕಿ ಬೀಳುವುದಕ್ಕೆ ಕೆಲವೇ ದಿನ ಮೊದಲು ಮೇಲ್ವಿಚಾರಕನ ಜೊತೆ ಎಲ್ಲರ ಎದುರಿಗೆ ಜಗಳವಾಡಿ ಕೆಲಸ ಕಳೆದುಕೊಂಡಿದ್ದ. ಹಾಗಾಗಿ ಆ ಸೀಮೆಯ ಪೊಲೀಸರ ಮುಖ್ಯಸ್ಥ ಶೆರಿಫ್ ವೆಸ್ಟರ್ ಬೇರೆ ಎಲ್ಲಿಯೂ ಹುಡುಕಲು ಹೋಗಲಿಲ್ಲ. ಬಂದು ಥರ್ಮನ್‌ನನ್ನೇ ಹಿಡಿದುಕೊಂಡು ಹೋದ.

ಥರ್ಮನ್ ಸೈನ್ಯದಲ್ಲಿದ್ದು ಬಂದವನು. ಹಿಡಿದವರು ಜೇಬಿನಿಂದ ಚೀಟಿ ತೆಗೆದು ಹಕ್ಕು ಓದಿ ಹೇಳಬೇಕು, ಮಾತಾಡದೆ ಇರಬಹುದು, ವಕೀಲ ಬೇಕು ಎನ್ನಬಹುದು ಎಂದು ಅವನಿಗೆ ಗೊತ್ತಿತ್ತು. ಚೀಟಿ ಓದಿದರು. "ವಕೀಲ ಬರಲಿ," ಎಂದ ಅವನು. ಅಷ್ಟು ಹೇಳಿ ಬಾಯಿ ಮುಚ್ಚಿದ. ಬೈದರು, ಉಪವಾಸ ಕೆಡವಿದರು, ಪುಸಲಾಯಿಸಿದರು. ಬಾಯಿ ತೆರೆಯಲಿಲ್ಲ.

ಆಗ ಶೆರಿಫ್ ಓಜೆಲ್ಲಾಳ ಮನೆಗೆ ಬಂದ. ಅಡುಗೆ ಮನೆಯ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಆ ಮನೆಯಲ್ಲಿ ಬಿಳಿಯನೊಬ್ಬ ಟೋಪಿ ತೆಗೆದದ್ದು ಅದೇ ಮೊದಲು. ಅವಳು ಕೊಲಾರ್ಡ್ ಸೊಪ್ಪು ತೊಳೆಯುತ್ತಿದ್ದಳು. ಕೈ ಒರೆಸಿಕೊಳ್ಳುವುದನ್ನೂ ಮರೆತಳು.

"ಓಜೆಲ್ಲಾ, ನಿನ್ನ ಮಗ ಬಾಯಿ ಬಿಡ್ತಿಲ್ಲ."

"ಅವನೇನೂ ಮಾಡಿಲ್ಲ ಸಾರ್."

"ಮಾಡಿಲ್ಲ ಅಂದ್ರೆ ಹೇಳೋಕೇನು? ನೀನು ದೇವರಿಗೆ ನಡಕೊಳ್ಳೋಳು. ಈ ಊರಲ್ಲಿ ಕರಿಯರಾಗಲಿ ಬಿಳಿಯರಾಗಲಿ, ನಿನ್ನ ಮಾತು ಸುಳ್ಳು ಅಂದೋರು ಇಲ್ಲ. ನೀನೇ ಹೇಳು. ತಪ್ಪು ಮಾಡದೋನು ಯಾಕೆ ಸುಮ್ಮನಿರ್ತಾನೆ?"

ಇದೇ ಪ್ರಶ್ನೆಯನ್ನು ಅವಳು ಬಾಯಲ್ಲಿ ಕೇಳದೆ ಕಣ್ಣಲ್ಲೇ ಎಷ್ಟು ಜನರಿಗೆ ಕೇಳಿದ್ದಳು.

"ಬಾ, ಅವನ ಹತ್ರ ಮಾತಾಡು. ಕಾರು ಹೊರಗಿದೆ," ಎಂದ ಶೆರಿಫ್. ಬೇರೇನೂ ಹೇಳಲಿಲ್ಲ. ಅವಳು ಸೊಪ್ಪನ್ನು ಹಾಗೇ ನೀರಲ್ಲಿ ಬಿಟ್ಟು, ಏಪ್ರನ್ ಬಿಚ್ಚಿ, ಅವನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋದಳು.

ಜೈಲಿನ ಆ ಕೋಣೆಗೆ ಕಿಟಕಿ ಇರಲಿಲ್ಲ. ಥರ್ಮನ್‌ನ ತುಟಿ ಒಡೆದಿತ್ತು. ಬಾಗಿಲಿಗೆ ಒರಗಿ ಶೆರಿಫ್‌ನ ಕೈಕೆಳಗಿನ ಡೆಪ್ಯುಟಿ ಪರ್ವಿಸ್ ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದ.

"ಅಮ್ಮಾ, ನೀನ್ಯಾಕೆ ಬಂದೆ?" ಎಂದ ಥರ್ಮನ್. "ವಕೀಲ ಬರಲಿ ಅಂತ ಹೇಳಿದ್ದೀನಿ ಇವರಿಗೆ. ಆ ಮಾತು ಹೇಳಿದ ಮೇಲೆ ಇವರು ನನ್ನ ಏನೂ ಕೇಳೋ ಹಾಗಿಲ್ಲ. ಅದಕ್ಕೇ ನಿನ್ನ ಕಳಿಸಿದಾರೆ. ಮನೆಗೆ ಹೋಗು."

"ವಕೀಲ ಯಾಕಪ್ಪಾ? ನಿನಗೂ ನಿಜಕ್ಕೂ ನಡುವೆ ಇನ್ನೊಬ್ಬ ಯಾಕೆ? ನಮಗಿರೋನು ಒಬ್ಬನೇ ವಕೀಲ. ಮೇಲಿದಾನೆ. ಇಲ್ಲೀವರೆಗೆ ಒಂದು ಮೊಕದ್ದಮೇನೂ ಸೋತೋನಲ್ಲ ಅವನು."

ಪರ್ವಿಸ್ ನಕ್ಕ. ಬಾಯಲ್ಲಿದ್ದ ಸಿಪ್ಪೆಯನ್ನು ನೆಲಕ್ಕೆ ಉಗಿದು, "ಕೇಳ್ದೇನೋ? ನಿನಗೆ ವಕೀಲ ಬೇಡವಂತೆ, ನಿಮ್ಮಮ್ಮನೇ ಹೇಳ್ತಿದಾಳೆ," ಎಂದ.

ಥರ್ಮನ್ ತಾಯಿಯನ್ನೇ ನೋಡಿದ. ಅವಳು ಚರ್ಚಿನಲ್ಲಿ ಏಳದವರನ್ನು ನೋಡುವ ಹಾಗೆ ಅವನನ್ನು ನೋಡಿದಳು. ಅವನು ಹುಟ್ಟಿದಾಗಿನಿಂದ ಆ ನೋಟಕ್ಕೆ ಎದುರು ನಿಂತವನಲ್ಲ.

"ಹೇಳ್ಬಿಡು ಮಗಾ," ಎಂದಳು. "ರಾತ್ರಿ ಊಟಕ್ಕೆ ಮನೇಲಿರ್ತೀಯ."

ಅವನು ಹೇಳಿದ. ಮೊದಲಿನಿಂದ, ಏನನ್ನೂ ನುಂಗದೆ ಹೇಳಿದ. ಮೌಂಟ್ ನೀಬೋದಲ್ಲಿ ಬೆಳೆದ ಹುಡುಗ ಬೇರೆ ಹೇಗೆ ಹೇಳಿಯಾನು? ಬೆಂಕಿ ಬಿದ್ದ ದಿನ ಸಂಜೆ ಗೋದಾಮಿನಲ್ಲಿ ಬಿಟ್ಟಿದ್ದ ಕೋಟು ತರಲು ಹೋಗಿದ್ದು. ಹಿಂದುಗಡೆ ಮೂಟೆಗಳ ಮೇಲೆ ಹೋಸಿಯಾನ ಜೊತೆ ಕೂತು ಸಿಗರೇಟು ಸೇದಿದ್ದು. ಸಿಟ್ಟಿನಲ್ಲಿ 'ಈ ಗೋದಾಮು ಸುಟ್ಟು ಬೂದಿಯಾಗಬೇಕು' ಎಂದಿದ್ದು. ಹೋಸಿಯಾ ನಕ್ಕು 'ನಾನು ಮನೆಗೆ ಹೋದ ಮೇಲೆ ಸುಡಪ್ಪ' ಎಂದಿದ್ದು. ಸಿಗರೇಟಿನ ತುಂಡು ಎಸೆದು ಮನೆಗೆ ಬಂದಿದ್ದು. ಆಮೇಲೆ ಶೆರಿಫ್‌ನವರು ಪಕ್ಕದ ಕೋಣೆಯಲ್ಲಿ ಅದನ್ನು ಕಾಗದಕ್ಕೆ ಇಳಿಸಿದರು. ಬರೆದದ್ದರಲ್ಲಿ ಸಿಟ್ಟು ಇತ್ತು, ಬೂದಿಯಾಗಬೇಕು ಎಂದದ್ದು ಇತ್ತು, ಎಸೆದ ಸಿಗರೇಟು ಇತ್ತು. ಹೋಸಿಯಾನ ನಗು ಇರಲಿಲ್ಲ. ಥರ್ಮನ್ ರುಜು ಹಾಕಿದ. ಬೆಂಕಿಯಿಟ್ಟು ಕೊಂದ ಆರೋಪ ಅವನ ಮೇಲೆ ಬಿತ್ತು.

ಆ ರಾತ್ರಿ ಓಜೆಲ್ಲಾ ಮಗನ ತಟ್ಟೆಯಲ್ಲಿ ಸೊಪ್ಪು ಬಡಿಸಿ, ಮೆಕ್ಕೆಜೋಳದ ಬ್ರೆಡ್ಡು ಇಟ್ಟು ಕಾದಳು. ಬೆಳಿಗ್ಗೆ ಆ ಬ್ರೆಡ್ಡನ್ನು ಕೋಳಿಗಳಿಗೆ ಮುರಿದು ಹಾಕಿದಳು.

ಕೋರ್ಟಿನವರೇ ಗೊತ್ತುಮಾಡಿದ ವಕೀಲ ಆಮೇಲೆ ಬಂದ. ಪಿಕೆಟ್ ಎಂದು ಹೆಸರು, ಬಿಳಿಯ, ಇನ್ನೂ ಎಳೆಯ ವಯಸ್ಸು. ಅಂಗಿಯ ಕಾಲರು ಸವೆದಿತ್ತು. "ಮಿಸೆಸ್ ಟಾರ್ಪ್ಲೆ ಅವರೇ," ಎಂದು ಅವನು ಕರೆದಾಗ ಅವಳು ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು.

"ಬೆಂಕಿ ಇಟ್ಟಿದ್ದನ್ನ ಕಂಡೋರು ಯಾರೂ ಇಲ್ಲ," ಎಂದ ಪಿಕೆಟ್, ಅಡುಗೆ ಮನೆಯ ಮೇಜಿನ ಮುಂದೆ ಕೂತು. "ಸರ್ಕಾರದ ಹತ್ರ ಇರೋದು ಆ ಒಂದು ಕಾಗದ, ಅಷ್ಟೆ. ಅದು ಬಿದ್ದರೆ ಎಲ್ಲಾ ಬೀಳುತ್ತೆ. ಅದು ನಿಂತರೆ ಥರ್ಮನ್ ಸಾಯೋವರೆಗೂ ಜೈಲು."

"ಅವನು ಬಾಯಿ ಬಿಡದೇ ಇದ್ದಿದ್ರೆ?"

"ಬಿಡದೇ ಇದ್ದಿದ್ರೆ ಏನೂ ಇರ್ತಿರಲಿಲ್ಲ. ಸಾಬೀತು ಮಾಡೋ ಹೊಣೆ ಸರ್ಕಾರದ್ದು. ಅವನು ಒಂದು ಮಾತೂ ಆಡಬೇಕಾಗಿಲ್ಲ. ಸುಮ್ಮನಿದ್ದ ಅನ್ನೋದನ್ನ ಅವನ ವಿರುದ್ಧ ಎಣಿಸೋ ಹಾಗೂ ಇಲ್ಲ. ನಮ್ಮ ಸಂವಿಧಾನದಲ್ಲೇ ಇದೆ."

ಅವಳು ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಅಂಥದ್ದನ್ನ ಯಾರು ಬರೆದಿದ್ದು? ತಪ್ಪು ಮಾಡಿದೋರಾ?" ಎಂದಳು.

"ಹೆದರಿದೋರು," ಎಂದ ಪಿಕೆಟ್. "ಇಂಗ್ಲೆಂಡಿನ ರಾಜನ ಆಳುಗಳು ಜನರನ್ನ ಕೋಣೆಗೆ ಹಾಕಿ ಬಾಯಿ ಬಿಡಿಸ್ತಿದ್ದ ಕಾಲ ಅವರಿಗೆ ನೆನಪಿತ್ತು. ದೇವರ ಮುಂದೆ ಬಾಯಿ ಬಿಡೋದು ಬೇರೆ ಮಿಸೆಸ್ ಟಾರ್ಪ್ಲೆ ಅವರೇ, ಸರ್ಕಾರದ ಮುಂದೆ ಬಿಡೋದು ಬೇರೆ. ದೇವರು ಕೇಳಿದ್ದನ್ನ ಬರೆದುಕೊಂಡು ರುಜು ಹಾಕಿಸಿಕೊಳ್ಳಲ್ಲ."

ಆಮೇಲೆ ಅವನು ವಿಚಾರಕ್ಕೆ ಬಂದ. ವಕೀಲ ಬೇಕು ಎಂದು ಥರ್ಮನ್ ಕೇಳಿದ್ದು ನಿಜವೆಂದೇ ಪಿಕೆಟ್ ನಂಬಿದ್ದ. ಆದರೆ ಅವನು ಕೇಳಲೇ ಇಲ್ಲ ಎಂದು ಶೆರಿಫ್ ಮತ್ತು ಡೆಪ್ಯುಟಿ ಇಬ್ಬರೂ ಪ್ರಮಾಣ ಮಾಡಿ ಹೇಳುವವರಿದ್ದರು. ಇಬ್ಬರ ಎದುರು ಒಬ್ಬನ ಮಾತು, ಅದೂ ಆರೋಪಿಯದು. ಹಾಗಾಗಿ ಆ ದಾರಿ ಮುಚ್ಚಿದಂತೆಯೇ.

"ಇನ್ನೊಂದು ದಾರಿ ಇದೆ. ಅಧಿಕಾರಿ ಆಸೆ ತೋರಿಸಿ ಹೇಳಿಸಿದ ಮಾತು ಈ ರಾಜ್ಯದಲ್ಲಿ ನಿಲ್ಲೋದಿಲ್ಲ, ಎಷ್ಟು ಸಣ್ಣ ಆಸೆಯಾದರೂ ಸರಿ. ರಾತ್ರಿ ಊಟಕ್ಕೆ ಮನೆಗೆ ಹೋಗ್ತೀಯ ಅಂತ ಯಾರೋ ಅಂದ್ರು ಅಂತ ಥರ್ಮನ್ ಹೇಳಿದ. ಯಾರು ಅಂತ ಹೇಳಲಿಲ್ಲ. ಶೆರಿಫ್ ನಿಮಗೆ ಹಾಗೆ ಹೇಳಿ ಕಳಿಸಿದ್ರಾ?"

ಓಜೆಲ್ಲಾ ಬಾಯಿ ತೆರೆದಳು. ಪಿಕೆಟ್ ಕೈಯೆತ್ತಿ ತಡೆದ.

"ಈಗಲೇ ಹೇಳಬೇಡಿ. ಜಡ್ಜ್ ಮುಂದೆ ಹೇಳೋವಾಗ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಶೆರಿಫ್ ಹೇಳಿಸಿದ್ದು ಅಂದ್ರೆ ಕಾಗದ ಬೀಳುತ್ತೆ. ಮನೆಯೋರು ಬುದ್ಧಿ ಹೇಳಿದ್ರು, ಅವನೇ ಮನಸ್ಸು ಬದಲಾಯಿಸಿದ ಅಂದ್ರೆ ನಿಲ್ಲುತ್ತೆ."

ಅವನು ಹೋದ ಮೇಲೂ ಅವಳು ಕುರ್ಚಿಯಲ್ಲೇ ಕೂತಿದ್ದಳು. ಮನೆಯವರು ಬುದ್ಧಿ ಹೇಳಿದ್ದು. ನಡೆದದ್ದು ಅದೇ ಅಲ್ಲವೆ? ಆ ಕೋಣೆಯಲ್ಲಿ ಮಗ ವಕೀಲನ ಮಾತೆತ್ತಿದಾಗ ಬಾಯಿ ಮುಚ್ಚಿಸಿದವಳು ತಾನು. ಮಗ ಅದನ್ನು ವಕೀಲನಿಗೂ ಹೇಳಿಲ್ಲ. ತಾಯಿಯ ಮಾನ ಉಳಿಸಲು ಜೈಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡಿದ್ದಾನೆ. ನಿಜ ಹೇಳಿದರೆ ಕಾಗದ ನಿಲ್ಲುತ್ತದೆ, ಮಗ ಹೋಗುತ್ತಾನೆ. ಊಟದ ಮಾತನ್ನು ಶೆರಿಫ್‌ನ ಬಾಯಿಗೆ ಹಾಕಿದರೆ ಮಗ ಉಳಿಯುತ್ತಾನೆ. ಒಂದೇ ಒಂದು ವಾಕ್ಯ. ಆದರೆ ಅದನ್ನು ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು ಹೇಳಬೇಕು.

ಅವಳು ಪಾದ್ರಿ ಗ್ಯಾದರ್ಸ್ ಅವರ ಬಳಿ ಹೋದಳು. ಅವರು ಚರ್ಚಿನ ಹಿಂದೆ ಕೊಡಲಿ ಹಿಡಿದು ಸೌದೆ ಸೀಳುತ್ತಿದ್ದರು. ಎಲ್ಲವನ್ನೂ ಕೇಳಿ ಕೊಡಲಿಯನ್ನು ಕೊರಡಿಗೆ ಕಚ್ಚಿಸಿ ನಿಂತರು.

"ಸುಳ್ಳು ಹೇಳು ಅಂತ ನಾನು ಹೇಳಲಾರೆ ಮದರ್," ಎಂದರು. "ಹೇಳಬೇಡ ಅನ್ನೋಕೂ ನನಗೆ ಬಾಯಿ ಬರ್ತಿಲ್ಲ. ನನಗೂ ಗಂಡುಮಕ್ಕಳಿದಾರೆ."

ಚರ್ಚಿನ ಮೆಟ್ಟಿಲ ಮೇಲೆ ಲ್ಯೂಟಿ ಕೂತಿದ್ದಳು, ಕರೀ ಉಡುಪಿನಲ್ಲಿ. ಓಜೆಲ್ಲಾ ತಲೆ ತಗ್ಗಿಸಿ ದಾಟಲು ನೋಡಿದಳು. ಲ್ಯೂಟಿ ಅವಳ ಲಂಗದ ಅಂಚನ್ನು ಹಿಡಿದು ನಿಲ್ಲಿಸಿದಳು.

"ನನ್ನ ಕಂಡರೆ ಓಡಬೇಡ. ಹೋಸಿಯಾನೂ ಸಿಗರೇಟು ಸೇದ್ತಿದ್ದ. ಮೂಟೆ ಮೇಲೆ ಕೂತ್ಕೊಂಡು ಸೇದಬೇಡ್ವೋ ಅಂತ ಎಷ್ಟು ಬಡ್ಕೊಂಡೆ. ಯಾರ ಕಿಡಿ ಅಂತ ದೇವರಿಗೆ ಗೊತ್ತು, ಶೆರಿಫ್‌ಗೆ ಗೊತ್ತಿಲ್ಲ."

ಆ ಕರುಣೆಯನ್ನು ಹೊರುವುದು ಓಜೆಲ್ಲಾಳಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವಳು ಪ್ರಾರ್ಥಿಸಿದಳು. ಒಲೆಯ ಮುಂದೆ, ಕೋಳಿ ಗೂಡಿನ ಮುಂದೆ, ಹಾಸಿಗೆಯ ಪಕ್ಕ ಮಂಡಿಯೂರಿ ಪ್ರಾರ್ಥಿಸಿದಳು. ದೇವರೇ, ನನ್ನ ಬಾಯಿಂದ ಅವನು ಹೋದ, ನನ್ನ ಬಾಯಿಂದಲೇ ಅವನನ್ನು ತಾ. ಹೇಗೆ ಎಂದು ನಾನು ಕೇಳುವುದಿಲ್ಲ. ದೇವರು ಏನೂ ಹೇಳಲಿಲ್ಲ. ಅವಳ ಬದುಕಿನಲ್ಲಿ ದೇವರು ಇಷ್ಟು ದಿನ ಮಾತಾಡದೆ ಇದ್ದದ್ದಿಲ್ಲ. ಅವನೂ ಏನನ್ನೋ ಬಚ್ಚಿಟ್ಟಿದ್ದಾನೆ ಎಂದು ಒಂದು ಸಲ ಅನ್ನಿಸಿ, ಬೆಚ್ಚಿ ಕ್ಷಮೆ ಕೇಳಿದಳು.

ವಿಚಾರಣೆಯ ಹಿಂದಿನ ದಿನ ಮಗನನ್ನು ನೋಡಲು ಬಿಟ್ಟರು. ಕಬ್ಬಿಣದ ಜಾಲರಿಯ ಆಚೆ ಅವನು ಸೊರಗಿ ಅರ್ಧವಾಗಿದ್ದ.

"ಊಟದ ಮಾತು ಶೆರಿಫ್ ಆಡಿದ್ದು ಅಂತ ಹೇಳ್ತೀಯಾ ಅಮ್ಮಾ?"

"ಹೇಳ್ತೀನಿ."

ಅವನು ನಕ್ಕ. ಆ ನಗು ಅವಳ ಮಗನದಾಗಿರಲಿಲ್ಲ. "ನನ್ನ ಕೈಲಿ ನಿಜ ಹೇಳಿಸಿ ಒಳಗೆ ಹಾಕಿಸಿದೆ. ಈಗ ನೀನು ಸುಳ್ಳು ಹೇಳಿ ಹೊರಗೆ ತರ್ತೀಯಾ?"

"ನಾನೇನು ಮಾಡಲಿ ಮಗಾ?"

"ಬೇಡ ಅಂತಿಲ್ಲಮ್ಮ. ಹೇಳು. ಹೇಗಾದರೂ ಇಲ್ಲಿಂದ ಹೊರಗೆ ತೆಗಿ ನನ್ನ." ಅವನ ಬೆರಳು ಜಾಲರಿಯಲ್ಲಿ ಸಿಕ್ಕಿಕೊಂಡ ಹಾಗಿತ್ತು. "ಇಲ್ಲಿ ಗೋಡೆ ಉಸಿರಾಡುತ್ತೆ ಅಮ್ಮಾ, ನಾನು ಉಸಿರಾಡೋಕಾಗಲ್ಲ."

ಅವಳು ಅಲ್ಲೇ ತೀರ್ಮಾನಿಸಿದಳು. ಸುಳ್ಳು ಹೇಳುವುದು, ನರಕಕ್ಕೆ ಹೋಗುವುದು. ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಆ ವಾಕ್ಯವನ್ನು ಬಾಯಲ್ಲಿ ಉರುಹಚ್ಚಿದಳು. ಶೆರಿಫ್ ಹೇಳಿದರು, ಅವನು ಮಾತಾಡಿದರೆ ರಾತ್ರಿ ಊಟಕ್ಕೆ ಮನೆಗೆ ಕಳಿಸ್ತೀನಿ ಅಂತ.

ಕೋರ್ಟಿನಲ್ಲಿ ಆ ದಿನ ಜ್ಯೂರಿ ಇರಲಿಲ್ಲ. ಕಾಗದವನ್ನು ಜ್ಯೂರಿಗೆ ತೋರಿಸಬಹುದೇ ಬಾರದೇ ಎಂದು ಜಡ್ಜ್ ಒಬ್ಬರೇ ಕೇಳಿ ತೀರ್ಮಾನಿಸುವ ದಿನ. ಹಿಂದಿನ ಬೆಂಚುಗಳಲ್ಲಿ ಮೌಂಟ್ ನೀಬೋದವರು ಭಾನುವಾರದ ಬಟ್ಟೆಯಲ್ಲಿ ಬಂದು ತುಂಬಿದ್ದರು. ಮೊದಲು ಶೆರಿಫ್, ಆಮೇಲೆ ಡೆಪ್ಯುಟಿ ಪರ್ವಿಸ್ ಪ್ರಮಾಣ ಮಾಡಿದರು. ಹುಡುಗ ವಕೀಲನನ್ನು ಕೇಳಲೇ ಇಲ್ಲ, ತಾಯಿಯನ್ನು ಕಂಡು ಮನಸ್ಸು ಕರಗಿ ತಾನಾಗಿಯೇ ಹೇಳಿದ ಎಂದರು.

ಆಮೇಲೆ ಓಜೆಲ್ಲಾ. ಬಿಳಿಯುಟ್ಟು ಬಂದಿದ್ದಳು. ಗ್ರಂಥದ ಮೇಲೆ ಕೈಯಿಟ್ಟಳು.

"ಮಿಸೆಸ್ ಟಾರ್ಪ್ಲೆ ಅವರೇ," ಎಂದ ಪಿಕೆಟ್, "ಶೆರಿಫ್ ನಿಮ್ಮ ಮನೆಗೆ ಬಂದ ದಿನ ನಡೆದದ್ದನ್ನ ಕೋರ್ಟಿಗೆ ಹೇಳಿ."

ಅವಳು ಆ ವಾಕ್ಯವನ್ನು ಬಾಯಿಗೆ ತಂದುಕೊಂಡಳು. ಆದರೆ ಎದುರಿಗೆ ಮೌಂಟ್ ನೀಬೋದ ಮುಖಗಳಿದ್ದವು. ಅಷ್ಟೂ ವರ್ಷ ಆ ಮುಖಗಳ ಮುಂದೆ ಬಾಯಿ ಬೇರೆ ರೀತಿಯಲ್ಲಿ ತೆರೆದದ್ದೇ ಇಲ್ಲ.

"ಈ ಬೆಳಿಗ್ಗೆ ನನ್ನ ಎಬ್ಬಿಸಿದ ದೇವರಿಗೆ ಶರಣು," ಎಂದಳು. "ಕಾಲಲ್ಲಿ ಕಸುವು ಉಳಿಸಿದಾನೆ, ಬುದ್ಧಿ ನೆಟ್ಟಗಿಟ್ಟಿದಾನೆ, ಅವನಿಗೆ ಶರಣು."

"ಹೌದಮ್ಮ," ಎಂದಿತು ಹಿಂದಿನ ಬೆಂಚು.

ಸರ್ಕಾರಿ ವಕೀಲ ಎದ್ದ. "ಸ್ವಾಮಿ, ಇದೇನು ಪ್ರಾರ್ಥನೆಯೋ ಸಾಕ್ಷಿಯೋ?"

ಜಡ್ಜ್ ಥ್ರ್ಯಾಶರ್ ಕನ್ನಡಕದ ಮೇಲಿಂದ ನೋಡಿದರು. "ಹಿಂದಿನವರು ಬಾಯಿ ಮುಚ್ಚಬೇಕು. ನೀನು ಬೇಗ ಮುಗಿಸಮ್ಮ."

ಅವಳು ಬೇಗ ಮುಗಿಸಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಕ್ರಮ. ಸೊಪ್ಪು ತೊಳೆಯುತ್ತಿದ್ದೆ ಎಂದಳು. ಶೆರಿಫ್ ಟೋಪಿ ತೆಗೆದರು ಎಂದಳು. ಅವರು ಕೇಳಿದ ಮಾತು, ನೀರಲ್ಲಿ ಬಿಟ್ಟ ಸೊಪ್ಪು, ಕಾರಿನ ಹಿಂದಿನ ಸೀಟು. ಸುಳ್ಳನ್ನು ಇಡಬೇಕಾದ ಕಡೆ ಬಂದಳು. ಅಲ್ಲಿ ಅದು ಕೂರಲಿಲ್ಲ. ಹಿಂದೆ ಮುಂದೆ ಎಲ್ಲ ನಡೆದದ್ದೇ ಒತ್ತಿಕೊಂಡು ನಿಂತಿತ್ತು, ನಡುವೆ ಬೆರಳು ತೂರುವಷ್ಟು ಜಾಗವಿರಲಿಲ್ಲ.

"ರಾತ್ರಿ ಊಟಕ್ಕೆ ಮನೇಲಿರ್ತೀಯ ಅನ್ನೋ ಮಾತು ಶೆರಿಫ್ ಆಡ್ಲಿಲ್ಲ," ಎಂದಳು. "ನಾನು ಆಡಿದ್ದು. ನನ್ನಾಸೆ ಅದು. ಅವರು ನನಗೆ ಏನೂ ಕೊಡ್ತೀನಿ ಅನ್ನಲಿಲ್ಲ."

ಪಿಕೆಟ್‌ನ ಭುಜ ಕುಸಿಯಿತು. ಆರೋಪಿಯ ಮೇಜಿನ ಮುಂದೆ ಥರ್ಮನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಮಗನನ್ನು ಕೊಂದಂತಾಯಿತು. ಎರಡನೆಯ ಸಲ, ಎಲ್ಲರ ಕಣ್ಣೆದುರಿಗೆ. ಸರ್ಕಾರಿ ವಕೀಲ ಕೂತಲ್ಲೇ ಮುಗುಳ್ನಕ್ಕು, "ನಮಗೆ ಅಷ್ಟು ಸಾಕು ಸ್ವಾಮಿ," ಎಂದ.

ಅವಳ ದನಿ ನಿಂತುಹೋಗಿತ್ತು. ಇನ್ನು ಇಳಿದು ಹೋಗಬಹುದಿತ್ತು. ಆದರೆ ಸಾಕ್ಷಿ ಮುಗಿದಿರಲಿಲ್ಲ. ತನ್ನ ತಪ್ಪನ್ನು ಹೇಳದೆ ಕೂರುವ ಸಾಕ್ಷಿಯನ್ನು ಅವಳು ಎಂದೂ ಕಂಡಿರಲಿಲ್ಲ. ಅವಳು ಆಸರೆಗೆ ಕಾದಳು. ಕೋರ್ಟಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಆಗ ಹಿಂದಿನಿಂದ ಒಂದು ಮುದಿ ದನಿ, ಲ್ಯೂಟಿಯದು, ಮೆಲ್ಲಗೆ, "ಹೇಳಮ್ಮ," ಎಂದಿತು. ಜಡ್ಜ್ ಸುತ್ತಿಗೆ ಕುಟ್ಟಿದರು.

"ನನ್ನ ಮಗ ವಕೀಲ ಬೇಕು ಅಂದ," ಎಂದಳು ಓಜೆಲ್ಲಾ. "ವಕೀಲ ಬರಲಿ ಅಂತ ಇವರಿಗೆ ಹೇಳಿದ್ದೀನಿ, ಅದಕ್ಕೇ ನಿನ್ನ ಕಳಿಸಿದಾರೆ, ಮನೆಗೆ ಹೋಗು ಅಂದ. ನಾನು ಬೈದೆ. ನಮಗಿರೋನು ಒಬ್ಬನೇ ವಕೀಲ, ಮೇಲಿದಾನೆ ಅಂದೆ. ಅವನ ಬಾಯಿ ಬಿಡಿಸಿದೋಳು ನಾನು. ದೇವರನ್ನ ಶೆರಿಫ್‌ನ ಕೆಲಸಕ್ಕೆ ಹಚ್ಚಿದೆ. ಅದು ನನ್ನ ಪಾಪ. ಇದನ್ನ ಯಾರಿಗೂ ಹೇಳಿರಲಿಲ್ಲ."

ಪಿಕೆಟ್ ಮೆಲ್ಲಗೆ ಎದ್ದು ನಿಂತ. "ಇನ್ನೊಂದು ಸಲ ಹೇಳಿ ಮಿಸೆಸ್ ಟಾರ್ಪ್ಲೆ ಅವರೇ. ಅವನು ವಕೀಲ ಬೇಕು ಅಂದಾಗ ಕೋಣೇಲಿ ಯಾರ್ಯಾರಿದ್ರು?"

"ನಾನು, ಅವನು, ಆ ಡೆಪ್ಯುಟಿ."

"ಡೆಪ್ಯುಟಿ ಪರ್ವಿಸ್ ಎಲ್ಲಿದ್ರು?"

"ಬಾಗಿಲಲ್ಲಿ. ಕಡಲೆಕಾಯಿ ತಿಂತಿದ್ರು."

"ಅವರಿಗೆ ಆ ಮಾತು ಕೇಳಿಸ್ತಾ?"

"ಕೇಳಿಸದೆ ನಗ್ತಾರಾ ಸಾರ್? ಸಿಪ್ಪೆ ಉಗಿದು, 'ನಿನಗೆ ವಕೀಲ ಬೇಡವಂತೆ, ನಿಮ್ಮಮ್ಮನೇ ಹೇಳ್ತಿದಾಳೆ' ಅಂದ್ರು."

ಪರ್ವಿಸ್ ಕೂತಲ್ಲೇ ಕುತ್ತಿಗೆಯವರೆಗೆ ಕೆಂಪಾದ. ಸರ್ಕಾರಿ ವಕೀಲ ಈಗ ನಗುತ್ತಿರಲಿಲ್ಲ.

"ಓಜೆಲ್ಲಾ," ಎಂದ ಅವನು ಹತ್ತಿರ ಬಂದು, "ಮಗನ್ನ ಉಳಿಸೋಕೆ ಸುಳ್ಳು ಹೇಳದ ತಾಯಿ ಎಲ್ಲಿದಾಳೆ, ಹೇಳು?"

"ಉಳಿಸೋ ಸುಳ್ಳು ಬೇರೆ ಇತ್ತು ಸಾರ್," ಎಂದಳು ಅವಳು. "ಅದನ್ನೇ ಹೇಳೋಕೆ ಬಂದಿದ್ದೆ. ಆಗ್ಲಿಲ್ಲ."

ಆ ಸೀಮೆಯಲ್ಲಿ ಶೆರಿಫ್‌ನ ಹಾಗೆ ಜಡ್ಜ್ ಥ್ರ್ಯಾಶರ್ ಕೂಡ ಜನರ ವೋಟಿನಿಂದ ಗೆದ್ದು ಬಂದವರು. ಚುನಾವಣೆಗೆ ಶೆರಿಫ್ ಮತ್ತು ಅವರು ಒಂದೇ ಗೋಡೆಯ ಮೇಲೆ ಚಿತ್ರ ಅಂಟಿಸಿಕೊಳ್ಳುವವರು. ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ಆರೋಪಿಗೆ ಇದ್ದೇ ಇತ್ತು, ತಾಯಿಯ ಬುದ್ಧಿಮಾತು ಸರ್ಕಾರದ ಒತ್ತಾಯವಲ್ಲ, ಕಾಗದ ನಿಲ್ಲುತ್ತದೆ ಎಂದರು.

ಆಮೇಲೆ ಜ್ಯೂರಿ ಕೂತ ದಿನ ಆ ಕಾಗದವನ್ನು ಅವರಿಗೆ ಓದಿ ಹೇಳಿದರು. ಜ್ಯೂರಿಯಲ್ಲಿ ಒಂದೂ ಕರಿಮುಖ ಇರಲಿಲ್ಲ. ಮಧ್ಯಾಹ್ನದ ಊಟ ಆರುವುದರೊಳಗೆ ಅವರು ತೀರ್ಮಾನಿಸಿ ಹೊರಗೆ ಬಂದರು. ಥರ್ಮನ್‌ಗೆ ಜೀವಾವಧಿ. ಬೇಡಿ ಹಾಕಿ ಕರೆದುಕೊಂಡು ಹೋಗುವಾಗ ಅವನು ತಾಯಿಯ ಕಡೆ ನೋಡಲಿಲ್ಲ.

ಹೊರಗೆ ಕೋರ್ಟಿನ ಮೆಟ್ಟಿಲ ಮೇಲೆ ಓಜೆಲ್ಲಾ ಕೂತಳು. ಪಿಕೆಟ್ ಪಕ್ಕದಲ್ಲಿ ಕೂತ. ಬಿಳಿಯನೊಬ್ಬ ತನ್ನ ಪಕ್ಕ ಕೂತದ್ದೂ ಅವಳ ಗಮನಕ್ಕೆ ಬರಲಿಲ್ಲ.

"ಅವತ್ತು ಜಡ್ಜ್ ಪಕ್ಕ ಕೂತು ಟೈಪು ಮಾಡ್ತಿದ್ದ ಹೆಂಗಸನ್ನ ನೋಡಿದ್ರಾ?" ಎಂದ. "ನೀವು ಹೇಳಿದ ಒಂದೊಂದು ಮಾತೂ ಅವರು ಇಳಿಸ್ಕೊಂಡಿದಾರೆ. ಅದು ಅಟ್ಲಾಂಟಾದ ದೊಡ್ಡ ಕೋರ್ಟಿಗೆ ಹೋಗುತ್ತೆ. ಇಲ್ಲಿ ಆಡದೇ ಇದ್ದ ಮಾತು ಅಲ್ಲಿನೋರ ಪಾಲಿಗೆ ಇಲ್ಲವೇ ಇಲ್ಲ. ಆಡಿದ್ದನ್ನ ಅಳಿಸೋಕೆ ಇಲ್ಲಿ ಯಾರಿಗೂ ಆಗಲ್ಲ. ಶೆರಿಫ್‌ಗೂ ಆಗಲ್ಲ, ಜಡ್ಜ್‌ಗೂ ಆಗಲ್ಲ."

"ನನ್ನ ಮಗ ಹೋದ," ಎಂದಳು ಅವಳು.

"ನೀವು ಸುಳ್ಳು ಹೇಳಿದ್ರೆ ಅದೂ ಟೈಪಾಗ್ತಿತ್ತು," ಎಂದ ಪಿಕೆಟ್. "ಹಾಗೆ ಹೇಳೋಕೆ ದಾರಿ ತೋರಿಸಿದೋನು ನಾನು. ನನ್ನ ಕ್ಷಮಿಸಿ," ಎಂದ. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

ಎರಡು ಚಳಿಗಾಲ ಕಳೆಯಿತು. ಅಷ್ಟು ದಿನವೂ ಸಾಕ್ಷಿಯ ಹೊತ್ತಿನಲ್ಲಿ ಮದರ್ ಟಾರ್ಪ್ಲೆ ಎದ್ದು ನಿಲ್ಲಲಿಲ್ಲ. ಬಿಳಿಯುಟ್ಟು ಬರುತ್ತಿದ್ದಳು, ಬೀಸಣಿಗೆಯನ್ನು ಮಡಿಲಲ್ಲಿಟ್ಟು ತಲೆ ತಗ್ಗಿಸಿ ಕೂರುತ್ತಿದ್ದಳು. ಅವಳನ್ನು ತಿರುಗಿ ನೋಡಿ ಎಬ್ಬಿಸುವವರು ಯಾರೂ ಇರಲಿಲ್ಲ. ಆ ಕೆಲಸ ಅವಳದೇ ಆಗಿತ್ತಲ್ಲ. ಹಾಗೆ ಕೂತು ಕೂತು, ಸುಮ್ಮನಿರುವವರ ಒಳಗೆ ಏನೇನಿರುತ್ತದೆ ಎಂದು ಅವಳಿಗೆ ಮೊದಲ ಬಾರಿಗೆ ಗೊತ್ತಾಯಿತು. ಬಚ್ಚಿಟ್ಟದ್ದು ಮಾತ್ರವಲ್ಲ. ಹೊರಗೆ ತಂದರೆ ಯಾರೋ ಎತ್ತಿಕೊಂಡು ಹೋಗಿ ಬೇರೆಯದನ್ನಾಗಿ ಮಾಡುತ್ತಾರೆ ಎಂಬ ಭಯ. ದೇವರಿಗೆ ಹೇಳಿಯಾಗಿದೆ, ಮನುಷ್ಯರಿಗೆ ಬೇಡ ಎಂಬ ದಣಿವು. ಅವಳು ಎಬ್ಬಿಸಿದವರ ಮುಖಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು.

ವಸಂತದಲ್ಲಿ ಡಾಗ್‌ವುಡ್ ಮರ ಹೂ ಬಿಡುವ ಹೊತ್ತಿಗೆ ಅಟ್ಲಾಂಟಾದಿಂದ ತೀರ್ಪು ಬಂತು. ಅವಳ ಮುಖ ಕಾಣದ, ದನಿ ಕೇಳದ ನ್ಯಾಯಾಧೀಶರು ಅವಳ ಮಾತನ್ನು ಓದಿದ್ದರು. ವಕೀಲ ಬೇಕು ಎಂದವನ ಬಳಿಗೆ ವಕೀಲನ ಬದಲು ತಾಯಿಯನ್ನು ಕಳಿಸಿ ಬಾಯಿ ಬಿಡಿಸುವಂತಿಲ್ಲ. ಕಳಿಸಿದವನು ಶೆರಿಫ್ ಆದ್ದರಿಂದ ಕೇಳಿದವನೂ ಶೆರಿಫೇ. ಆ ಕಾಗದ ನಿಲ್ಲದು, ವಿಚಾರಣೆ ಮತ್ತೆ ಆಗಬೇಕು ಎಂದಿದ್ದರು. ತಾಯಿ ತನ್ನನ್ನೇ ಹೀನಾಯ ಮಾಡಿಕೊಂಡು ಹೇಳಿದ ಮಾತನ್ನು ನಂಬದಿರಲು ಕಾರಣ ಕಾಣದು ಎಂದು ಒಬ್ಬರು ಬರೆದಿದ್ದರಂತೆ. ಪಿಕೆಟ್ ಅದನ್ನು ಅಡುಗೆ ಮನೆಯಲ್ಲಿ ಓದಿ ಹೇಳುವಾಗ ಅವಳು ಒಲೆಯ ಅಂಚನ್ನು ಹಿಡಿದು ನಿಂತಿದ್ದಳು.

ಕಾಗದವಿಲ್ಲದೆ ಮತ್ತೆ ವಿಚಾರಣೆ ನಡೆಸಲು ಸರ್ಕಾರಿ ವಕೀಲನ ಬಳಿ ಏನೂ ಇರಲಿಲ್ಲ. ನೀನು ನಿರಪರಾಧಿ ಎಂದು ಯಾರೂ ಹೇಳಲಿಲ್ಲ. ಬಾಗಿಲು ತೆಗೆದು ಹೊರಗೆ ಬಿಟ್ಟರು, ಅಷ್ಟೆ.

ಥರ್ಮನ್ ಮನೆಗೆ ಬಂದಾಗ ಸಂಜೆಯಾಗಿತ್ತು. ಅವಳು ಸೊಪ್ಪು ಬಡಿಸಿದಳು, ಬ್ರೆಡ್ಡು ಇಟ್ಟಳು. ಅವನು ತಟ್ಟೆಯ ಸುತ್ತ ತೋಳು ಅಡ್ಡ ಇಟ್ಟುಕೊಂಡು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ ತಿಂದ. ಅವಳಿಗೆ ಕೇಳಬೇಕಾದದ್ದು ರಾಶಿ ಇತ್ತು. ಅಲ್ಲಿ ಹೊಡೆದರೇ? ನನ್ನನ್ನು ಕ್ಷಮಿಸಿದೆಯಾ? ಆ ಸಿಗರೇಟನ್ನು ಎಲ್ಲಿ ಎಸೆದೆ, ಆರಿಸಿ ಎಸೆದೆಯಾ? ನಾಲಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿ ಇನ್ನೊಂದು ತುಂಡು ಬ್ರೆಡ್ಡು ಇಟ್ಟಳು.

ಭಾನುವಾರ ಅವನು ಚರ್ಚಿಗೆ ಬಂದ. ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂತ. ಸಾಕ್ಷಿಯ ಹೊತ್ತು ಬಂತು. ಒಬ್ಬರು ಎದ್ದರು, ಇನ್ನೊಬ್ಬರು ಎದ್ದರು. ಆಮೇಲೆ ಎಲ್ಲವೂ ನಿಂತು, ಬೀಸಣಿಗೆಗಳ ಸದ್ದು ಮಾತ್ರ ಉಳಿಯಿತು. ಜೈಲಿನಿಂದ ಬಂದವನು ಎದ್ದು ದೇವರಿಗೆ ವಂದಿಸುತ್ತಾನೆ ಎಂದು ಎಲ್ಲರೂ ಕಾಯುತ್ತಿದ್ದರು. ಅವನು ಏಳಲಿಲ್ಲ. ಒಬ್ಬೊಬ್ಬರಾಗಿ ಜನ ಮದರ್ ಟಾರ್ಪ್ಲೆಯ ಕಡೆ ತಿರುಗಿದರು. ಅವಳು ತಿರುಗಿ ನೋಡಿದರೆ ಅವನು ಏಳುತ್ತಾನೆ, ಯಾರಾದರೂ ಏಳುತ್ತಾರೆ.

ಓಜೆಲ್ಲಾ ಎದ್ದು ನಿಂತಳು. ಹಿಂದಕ್ಕೆ ತಿರುಗಲಿಲ್ಲ.

"ಈ ಬೆಳಿಗ್ಗೆ ನನ್ನ ಎಬ್ಬಿಸಿದ ದೇವರಿಗೆ ಶರಣು," ಎಂದಳು. "ನನ್ನ ಮಗನ್ನೂ ಎಬ್ಬಿಸಿದಾನೆ. ಅವನು ಕೂತಿರಲಿ. ಪಾದ್ರಿಗಳೇ, ಮುಂದೆ ನಡೆಸಿ."

ಪಾದ್ರಿ ಗ್ಯಾದರ್ಸ್ ಹಾಡಿನ ಪುಸ್ತಕ ಬಿಚ್ಚಿ ಪುಟ ಹುಡುಕತೊಡಗಿದರು. ಆಗ ಎರಡನೆಯ ಬೆಂಚಿನಿಂದ ಲ್ಯೂಟಿ ಕಣ್ಣು ಮುಚ್ಚಿ, ಮಾತಿಲ್ಲದ ಒಂದು ರಾಗವನ್ನು ಗಂಟಲಲ್ಲೇ ಗುನುಗತೊಡಗಿದಳು. ಒಬ್ಬರಾದ ಮೇಲೊಬ್ಬರು ಅದನ್ನು ಎತ್ತಿಕೊಂಡರು. ಬಾಗಿಲ ಬಳಿ ಥರ್ಮನ್ ಮೊಣಕೈಗಳನ್ನು ಮೊಣಕಾಲ ಮೇಲೂರಿ, ತಲೆ ತಗ್ಗಿಸಿ, ಹಾಗೇ ಕೂತಿದ್ದ.